ದೊಡ್ಡಪ್ಪ, ಜೆನೋವಾದಲ್ಲಿ ಮೊದಲು ನೀರಿನ ದಾರಿ ಹಿಡಿಯೋಣ

ದೊಡ್ಡಪ್ಪ, ನಮಸ್ಕಾರ. ನಿನ್ನೆ ರಾತ್ರಿ ನೀವು ಗ್ರೂಪ್‌ನಲ್ಲಿ ಹಾಕಿದ್ದು ಈಗ ಕೇಳಿದೆ. ಅಕ್ಟೋಬರ್‌ನಲ್ಲಿ ಮಿಲಾನ್‌ಗೆ ಸುಮಕ್ಕನ ಮನೆಗೆ ಬರುತ್ತೀರಿ, ಅಲ್ಲಿಂದ ಮೂರು ದಿನ ಜೆನೋವಾಕ್ಕೆ ನನ್ನ ಹತ್ತಿರ. "ಚರ್ಚು, ಮ್ಯೂಸಿಯಂ ಸಾಕಾಗಿದೆ, ಬೆಟ್ಟ ಹತ್ತಿಸು" ಅಂದಿದ್ದೀರಿ. ಅದರ ಕೆಳಗೇ ದೊಡ್ಡಮ್ಮ "ನನ್ನ ಮಂಡಿ ಕೇಳಿ ಪ್ಲಾನ್ ಮಾಡು" ಅಂತ ಹಾಕಿದ್ದಾರೆ. ಇಬ್ಬರಿಗೂ ಸೇರಿಸಿ ಹೇಳುತ್ತೇನೆ. ಟೈಪ್ ಮಾಡಿದರೆ ಮುಗಿಯುವ ಮಾತಲ್ಲ ಇದು. ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಕೇಳಿ.

ಚಿಕ್ಕಪ್ಪನಿಗೂ ಒಂದು ಮಾತು. ನಾನು ಕೆಲಸ ಮಾಡುವ ಐಐಟಿ ಇಲ್ಲಿನ ಇಟಾಲಿಯನ್ ಸಂಸ್ಥೆ. ಮದ್ರಾಸಿನ ಐಐಟಿ ಅಂತ ಮದುವೆ ಮನೆಗಳಲ್ಲಿ ಹೇಳಿಕೊಂಡು ಬರಬೇಡಿ, ನನಗೆ ಉತ್ತರ ಕೊಡುವುದು ಕಷ್ಟ ಆಗುತ್ತಿದೆ.

ಈ ಊರಲ್ಲಿ ಚಪ್ಪಟೆ ಜಾಗವೇ ಇಲ್ಲ. ಮುಂದೆ ಸಮುದ್ರ, ಬೆನ್ನಿಗೆ ಬೆಟ್ಟ. ಹಡಗುಕಟ್ಟೆಯ ಹಿಂದಿನಿಂದಲೇ ಮನೆಗಳು ದಸರಾ ಗೊಂಬೆ ಕೂರಿಸಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗುತ್ತವೆ. ನಡುವೆ ಓಣಿಗಳು. ಇವನ್ನು ಇಲ್ಲಿನವರು ಕ್ರ್ಯೂಜ಼ಾ ಅನ್ನುತ್ತಾರೆ. ಮಧ್ಯದಲ್ಲಿ ಇಟ್ಟಿಗೆಯ ಪಟ್ಟಿ, ಎರಡು ಬದಿಗೆ ದುಂಡು ಕಲ್ಲು. ಇಟ್ಟಿಗೆಯ ಮೇಲೆ ನಡೆದರೆ ಕ್ಷೇಮ. ಮಳೆ ಬಿದ್ದ ದಿನ ಆ ಕಲ್ಲಿನ ಮೇಲೆ ಕಾಲಿಟ್ಟರೆ ಜಾರಿ ಸೀದಾ ಕೆಳಗೆ.

ಆದ್ದರಿಂದ ಮೊದಲ ದಿನ ಬೆಟ್ಟ ಬೇಡ. ಹಳೆಯ ನೀರಿನ ಕಾಲುವೆಯ ಮೇಲೆ ನಡೆಯೋಣ.

ಬೇಜಾರು ಮಾಡಿಕೊಳ್ಳಬೇಡಿ, ಪೂರ್ತಿ ಕೇಳಿ. ಊರಿನ ಪೂರ್ವಕ್ಕೆ ಬಿಸಾನ್ಯೊ ಅಂತ ನದಿ ಇದೆ. ಮಧ್ಯಯುಗದಲ್ಲಿ ಊರಿಗೆ ನೀರು ಸಾಲದೆ, ಆ ಕಣಿವೆಯಿಂದ ಬೆಟ್ಟದ ಪಕ್ಕೆಯಲ್ಲೇ ಕಾಲುವೆ ಎಳೆದು ತಂದರು. ಊರು ಬೆಳೆದ ಹಾಗೆಲ್ಲ ಕಾಲುವೆಯನ್ನೂ ಮೇಲಕ್ಕೆ, ಇನ್ನೂ ಮೇಲಕ್ಕೆ ಎಳೆಯುತ್ತಾ ಹೋದರು, ಶತಮಾನಗಟ್ಟಲೆ. ಕಾಲುವೆಯ ಮೇಲೆ ಕಲ್ಲು ಚಪ್ಪಡಿ ಹಾಸಿದ್ದಾರೆ. ನಾವು ನಡೆಯುವುದು ಆ ಚಪ್ಪಡಿಗಳ ಮೇಲೆ. ಪಂಪು ಇಲ್ಲದ ಕಾಲ, ನೀರು ತಾನಾಗಿಯೇ ಹರಿಯಬೇಕಿತ್ತು. ಹಾಗಾಗಿ ಇಳಿಜಾರು ಕಣ್ಣಿಗೇ ಗೊತ್ತಾಗದಷ್ಟು ಕಡಿಮೆ. ಅಂದರೆ ಬೆಟ್ಟದ ಮೇಲಿದ್ದರೂ ಸಮತಟ್ಟು ದಾರಿ. ದೊಡ್ಡಮ್ಮ, ನಿಮ್ಮ ಮಂಡಿಗೆ ಇದಕ್ಕಿಂತ ಒಳ್ಳೆಯ ದಾರಿ ಈ ಊರಲ್ಲೇ ಇಲ್ಲ.

ದೊಡ್ಡಪ್ಪ, ನಿಮಗೆ ಇಷ್ಟ ಆಗುವುದು ಬೇರೆ. ಬಸ್ಸಿನಲ್ಲಿ ಮೊಲಾಸ್ಸಾನಕ್ಕೆ ಹೋಗಿ ಸ್ವಲ್ಪ ಮೆಟ್ಟಿಲು ಹತ್ತಿದರೆ ಕಾಲುವೆ ಸಿಗುತ್ತದೆ. ಆ ಕಡೆ ಒಂದು ಸೇತುವೆ ಇದೆ, ಜೆಯಿರಾತೊ ಹಳ್ಳದ ಮೇಲೆ. ಕಾಲುವೆಯ ಎತ್ತರಕ್ಕೇ ಸೇತುವೆ ಕಟ್ಟಿಲ್ಲ, ಅದಕ್ಕಿಂತ ತಗ್ಗಿನಲ್ಲಿ ಕಟ್ಟಿದ್ದಾರೆ. ನೀರು ಈ ಕಡೆ ಪೈಪಿನಲ್ಲಿ ಕೆಳಗಿಳಿದು, ಸೇತುವೆ ದಾಟಿ, ಆ ಕಡೆ ತಾನೇ ಮೇಲೇರುತ್ತಿತ್ತು. ಗಾರೆ ಕೆಲಸದವರು ಮಟ್ಟ ನೋಡಲು ನೀರು ತುಂಬಿದ ಪೈಪ್ ಹಿಡಿಯುತ್ತಾರಲ್ವಾ, ಅದೇ ಲೆಕ್ಕ. ಪಿಡಬ್ಲ್ಯುಡಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು ನೀವು. ಅಲ್ಲಿ ನಿಂತರೆ ಅರ್ಧ ಗಂಟೆ ಕದಲುವುದಿಲ್ಲ ಅಂತ ನನಗೆ ಗೊತ್ತು.

ದಾರಿ ಜನರ ಹಿತ್ತಿಲಿನಲ್ಲೇ ಹೋಗುತ್ತದೆ. ಟೊಮೆಟೊ ಮಡಿ, ಒಣಗಲು ಹಾಕಿದ ಬಟ್ಟೆ, ಬಿಸಿಲು ಕಾಯಿಸುವ ಬೆಕ್ಕು. ಎದುರು ಸಿಕ್ಕವರು "ಸಾಲ್ವೆ" ಅನ್ನುತ್ತಾರೆ, ನಾವೂ ಅಂದರೆ ಆಯಿತು. ಮಳೆಗೆ ಗೋಡೆ ಕುಸಿದು ಅಲ್ಲಲ್ಲಿ ದಾರಿ ಕಟ್ಟಿರುವುದೂ ಉಂಟು, ಆಗ ರಸ್ತೆಗೆ ಇಳಿದು ಮುಂದೆ ಮತ್ತೆ ಹತ್ತಬೇಕು. ಕೊನೆಗೆ ಸ್ತಾಲ್ಯೆನೊ ಹತ್ತಿರ ಬರುತ್ತೇವೆ. ಅದು ಸ್ಮಶಾನ. ದೊಡ್ಡಮ್ಮ ಮುಖ ಸಿಂಡರಿಸಬೇಡಿ! 1851ರಲ್ಲಿ ಶುರುವಾದದ್ದು, ಒಳಗೆಲ್ಲ ಅಮೃತಶಿಲೆಯ ಪ್ರತಿಮೆಗಳು. ಅದರಲ್ಲಿ ಒಬ್ಬ ಅಜ್ಜಿ ಇದ್ದಾಳೆ, ಕ್ಯಾತರೀನಾ ಕಾಂಪೊದೋನಿಕೊ ಅಂತ. ಜಾತ್ರೆ ಜಾತ್ರೆ ಸುತ್ತಿ ಹೇಜಲ್‌ನಟ್ ಬೀಜ ಮಾರುತ್ತಿದ್ದವಳು. ಒಂದೊಂದು ಕಾಸು ಕೂಡಿಟ್ಟು, ಬದುಕಿರುವಾಗಲೇ 1881ರಲ್ಲಿ ತನ್ನ ಪ್ರತಿಮೆ ತಾನೇ ಮಾಡಿಸಿಕೊಂಡಳು. ಶ್ರೀಮಂತರ ಸಾಲಿನ ಮಧ್ಯೆ, ಕೈಯಲ್ಲಿ ಪೋಣಿಸಿದ ಆ ಬೀಜಗಳ ಸರ ಹಿಡಿದು, ಕಸೂತಿ ಶಾಲು ಹೊದ್ದು ನಿಂತಿದ್ದಾಳೆ. ಆ ಶಾಲಿನ ಜಾಲರಿ ಕಲ್ಲಿನದು ಅಂದರೆ ನಂಬುವುದು ಕಷ್ಟ. ನನಗೆ ಊರಿನ ಅರಮನೆಗಳಿಗಿಂತ ಇವಳೇ ಜಾಸ್ತಿ ಇಷ್ಟ.

ಎರಡನೇ ದಿನ ಬೇಕಾದರೆ ಕೋಟೆ. ಟಂಕಸಾಲೆ ಚೌಕ ಅಂತ ಒಂದಿದೆ, ಜ಼ೆಕ್ಕಾ. ಅಲ್ಲಿಂದ ಹಗ್ಗ ಎಳೆಯುವ ಟ್ರೈನು ಸುಮಾರು 300 ಮೀಟರ್ ಎತ್ತರದ ರೀಗಿ ಗುಡ್ಡಕ್ಕೆ ಹದಿನೈದು ನಿಮಿಷದೊಳಗೆ ಮುಟ್ಟಿಸುತ್ತದೆ. ದೊಡ್ಡಮ್ಮ ಅಲ್ಲೇ ಬೆಂಚಿನ ಮೇಲೆ ಕೂತು ಹಡಗು ನೋಡಬಹುದು. ನಾವಿಬ್ಬರೂ ಮುಂದೆ ನಡೆಯೋಣ. ಚಿತ್ರದುರ್ಗದವರ ಮುಂದೆ ಕೋಟೆಯ ಜಂಬ ಕೊಚ್ಚಬಾರದು, ಆದರೂ ಹೇಳುತ್ತೇನೆ. 1630ರ ಸುಮಾರಿಗೆ ಕಟ್ಟಿದ ಗೋಡೆ ಬೆಟ್ಟದ ನೆತ್ತಿಯ ಮೇಲೆ ಹನ್ನೆರಡು ಕಿಲೋಮೀಟರಿಗೂ ಜಾಸ್ತಿ ಓಡುತ್ತದೆ. ಅದರ ತುದಿಯಲ್ಲಿ ಸ್ಪೆರೋನೆ ಕೋಟೆ. ಅದರಾಚೆ ಬೋಳು ಗುಡ್ಡಗಳ ಮೇಲೆ ಒಂದೊಂದೇ ಕೋಟೆ. ಒಂದು ಬೆಟ್ಟಕ್ಕೆ "ಇಬ್ಬರು ಅಣ್ಣತಮ್ಮ" ಅಂತಲೇ ಹೆಸರು. ತಮ್ಮನ ಕೋಟೆ ಉಳಿದಿದೆ, ಅಣ್ಣನದು ಇಲ್ಲ. ಚಿಕ್ಕಪ್ಪ, ನೀವು ಈಗ ನಗುತ್ತಿದ್ದೀರಿ ಅಂತ ಗೊತ್ತು.

ಕಡೆಯ ಕೋಟೆ ದಿಯಾಮಾಂತೆ, 667 ಮೀಟರ್ ಎತ್ತರ, 1750ರ ದಶಕದ್ದು. ರೀಗಿಯಿಂದ ಎರಡು ಗಂಟೆ ಅಂದುಕೊಳ್ಳಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸಾಲು ಸಾಲು ಬೆಟ್ಟ. 1800ರಲ್ಲಿ ನೆಪೋಲಿಯನ್ನನ ದಂಡನಾಯಕ ಮಸೇನಾ ಊರೊಳಗೆ ಸಿಕ್ಕಿಕೊಂಡಿದ್ದ. ನೆಲದ ಮೇಲೆ ಆಸ್ಟ್ರಿಯಾದವರು, ಕಡಲಿನಲ್ಲಿ ಇಂಗ್ಲಿಷರ ಹಡಗು. ಅನ್ನವಿಲ್ಲದೆ ಜನ ಸತ್ತು, ಜೂನ್ 4ಕ್ಕೆ ಊರು ಬಿಟ್ಟುಕೊಟ್ಟ. ಮೇಲೆ ನಿಂತು ನೋಡಿದರೆ ಈ ಮುತ್ತಿಗೆ ಹೇಗೆ ನಡೆಯಿತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ನೆರಳು ಇಲ್ಲ, ನೀರೂ ಇಲ್ಲ, ಎರಡು ಬಾಟಲಿ ಇಟ್ಟುಕೊಳ್ಳೋಣ. ಕಾಡುಹಂದಿ ಕಂಡರೆ ಸುಮ್ನೆ ನಿಂತುಬಿಡಿ. ಇವುಗಳಲ್ಲಿ ಹಂದಿಗಳಿಗಷ್ಟೇ ಬರುವ ಆಫ್ರಿಕನ್ ಹಂದಿಜ್ವರ ಕಂಡು 2022ರ ಜನವರಿಯಲ್ಲಿ ಈ ಕಾಡಿನ ದಾರಿಗಳಲ್ಲಿ ನಡೆಯುವುದನ್ನೇ ನಿಲ್ಲಿಸಿದ್ದರು.

ಮೂರನೆಯದು ಎಲ್ಲರೂ ಫೋಟೊ ಹಾಕುವ ದಾರಿ. ಕಮೋಲಿಯಿಂದ ಸಾನ್ ಫ್ರುತ್ತುವೋಸೊಗೆ. ರೈಲಿನಲ್ಲಿ ಹತ್ತಿರವೇ. ಗುರುತಿಗೆ ಮರದ ಮೇಲೆ, ಬಂಡೆಯ ಮೇಲೆ ಎರಡು ಕೆಂಪು ಬೊಟ್ಟು ಇಟ್ಟಿರುತ್ತಾರೆ, ಥೇಟ್ ಕುಂಕುಮದ ಹಾಗೆ. ಬೊಟ್ಟು ಕಾಣದೆ ಐದು ನಿಮಿಷ ಆದರೆ ದಾರಿ ತಪ್ಪಿದೆ ಅಂತ ಅರ್ಥ. ಎರಡನೇ ಮಹಾಯುದ್ಧದ ಬಂಕರುಗಳು ಸಿಗುತ್ತವೆ, ಆಮೇಲೆ ಬಂಡೆಗೆ ಹೊಡೆದ ಸರಪಳಿ ಹಿಡಿದು ದಾಟಬೇಕು, ಕೆಳಗೆ ಸಮುದ್ರ. ಕೊನೆಗೆ ಪುಟ್ಟ ಕೊಲ್ಲಿಯಲ್ಲಿ ಹಳೆಯ ಮಠ, ಅದೇ ಸಾನ್ ಫ್ರುತ್ತುವೋಸೊ. ಅಲ್ಲಿಗೆ ರಸ್ತೆಯೇ ಇಲ್ಲ, ನಡೆದು ಹೋಗಬೇಕು, ಇಲ್ಲವೇ ದೋಣಿ. ಹತ್ತಿರದ ಕಡಲ ತಳದಲ್ಲಿ 1954ರಲ್ಲಿ ಇಳಿಸಿದ ಯೇಸುವಿನ ಕಂಚಿನ ಪ್ರತಿಮೆ ಇದೆ, ಸುಮಾರು 17 ಮೀಟರ್ ಆಳದಲ್ಲಿ, ಕೈ ಎರಡೂ ಮೇಲೆತ್ತಿ.

ಹೋದ ವರ್ಷ ನಾನು ಗೆಳತಿಯರ ಜೊತೆ ಅಲ್ಲಿಗೆ ನಡೆದೇ ಹೋದೆ, ದೋಣಿಯಲ್ಲಿ ವಾಪಸ್ ಬರೋಣ ಅಂತ. ಮಧ್ಯಾಹ್ನ ಅಲೆ ಎದ್ದಿತು, ಸಂಜೆಯ ದೋಣಿ ರದ್ದು. ಮತ್ತೆ ಬೆಟ್ಟ ಹತ್ತಿ ಪೋರ್ತೊಫೀನೊ ಕಡೆ ಇಳಿದದ್ದು ಮೊಬೈಲ್ ಬೆಳಕಿನಲ್ಲಿ. ಅಮ್ಮನಿಗೆ ಆ ದಿನ "ಲ್ಯಾಬಿನಲ್ಲಿ ತಡ ಆಯಿತು" ಅಂತ ಹೇಳಿದ್ದೆ. ಅಮ್ಮ, ಈಗ ಕೇಳಿಸಿಕೊಂಡೆ ಅಲ್ವಾ, ಬೈಯಬೇಡ. ಹಾಗಾಗಿ ನಾವು ಹೋಗುವಾಗಲೂ ಬರುವಾಗಲೂ ದೋಣಿಯಲ್ಲೇ. ಕಡಲು ಏಳುವ ಸೂಚನೆ ಇದ್ದರೆ ಕಮೋಲಿಯಲ್ಲೇ ಫೊಕಾಚಾ ಅನ್ನುವ ಇಲ್ಲಿನ ರೊಟ್ಟಿ ತಿಂದು ವಾಪಸ್.

ತಿನ್ನುವ ವಿಷಯ ಬಂತು. ಫಾರಿನಾತಾ ಅಂತ ಸಿಗುತ್ತದೆ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಅಷ್ಟೇ, ದೊಡ್ಡ ತಾಮ್ರದ ತಟ್ಟೆಯಲ್ಲಿ ಸೌದೆ ಒಲೆಗೆ ಇಡುತ್ತಾರೆ. ದೊಡ್ಡಮ್ಮ ತಿಂದ ಕೂಡಲೇ "ಇದಕ್ಕೆ ಓಮ, ಹಸಿಮೆಣಸು ಹಾಕಬೇಕಿತ್ತು" ಅನ್ನುತ್ತಾರೆ, ಪಂದ್ಯ ಕಟ್ಟುತ್ತೇನೆ.

ಇನ್ನು ಮಳೆ. ಅಕ್ಟೋಬರ್, ನವೆಂಬರ್ ಇಲ್ಲಿ ಹುಡುಗಾಟ ಅಲ್ಲ. 2011ರ ನವೆಂಬರಿನಲ್ಲಿ, 2014ರ ಅಕ್ಟೋಬರಿನಲ್ಲಿ ಊರೊಳಗೇ ಪ್ರವಾಹ ಬಂದು ಜನ ಸತ್ತರು. ಸಮುದ್ರಕ್ಕೆ ಅಂಟಿಕೊಂಡ ಕಡಿದಾದ ಬೆಟ್ಟ, ಬಿದ್ದ ನೀರೆಲ್ಲ ಒಂದೇ ಸಲ ಇಳಿಯುತ್ತದೆ. ಸರ್ಕಾರ ಹಳದಿ, ಕಿತ್ತಳೆ, ಕೆಂಪು ಅಂತ ಎಚ್ಚರಿಕೆ ಕೊಡುತ್ತದೆ. ಕಿತ್ತಳೆ ಬಂದರೆ ಯಾವ ದಾರಿಯೂ ಇಲ್ಲ, ಮನೆಯಲ್ಲೇ ಇಸ್ಪೀಟು. ನಿಮಗೆ ಆಗುವುದಾದರೆ ಸೆಪ್ಟೆಂಬರ್ ಕೊನೆಗೇ ಬನ್ನಿ, ಸುಮಕ್ಕನನ್ನು ಕೇಳಿ ನೋಡಿ.

ದೊಡ್ಡಪ್ಪ, ಆ ಬಾಟಾ ಚಪ್ಪಲಿ ಹಾಕಿಕೊಂಡು ಬರಬೇಡಿ, ಹಿಡಿತ ಇರುವ ಶೂ ತನ್ನಿ, ಈಗಿನಿಂದಲೇ ಹಾಕಿಕೊಂಡು ಅಭ್ಯಾಸ ಮಾಡಿ. ದೊಡ್ಡಮ್ಮ, ಮಂಡಿಗೆ ಹಾಕುವ ಪಟ್ಟಿ ಮರೆಯಬೇಡಿ. ಜಾಗ ಉಳಿದರೆ ಶೇಂಗಾ ಚಟ್ನಿಪುಡಿ. ಉಳಿಯದಿದ್ದರೆ ದೊಡ್ಡಪ್ಪನ ಒಂದು ಪ್ಯಾಂಟು ತೆಗೆದಿಟ್ಟು ತನ್ನಿ.