ಸ್ಕೂಲು ಮುಗಿದ ಮೇಲೆ ಮಗ ಮನೆಯಲ್ಲೇ ಉಳಿದುಬಿಟ್ಟಿದ್ದಾನೆ, ಅನುಭವ ಇದ್ದವರು ದಾರಿ ಹೇಳಿ

ಕೇಳಿದವರು: ಅರಸೀಕೆರೆ ಹತ್ತಿರದ ಹಳ್ಳಿಯ ಒಬ್ಬ ತಾಯಿ

ನನ್ನ ಮಗನಿಗೆ ಈಗ 22 ವರ್ಷ. ಡೌನ್ ಸಿಂಡ್ರೋಮ್ ಇದೆ, ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ನಿಧಾನ. 18 ತುಂಬುವವರೆಗೂ ಸ್ಪೆಷಲ್ ಸ್ಕೂಲಿಗೆ ಹೋಗುತ್ತಿದ್ದ. ಅಲ್ಲಿ ಗೆಳೆಯರಿದ್ದರು, ಹಾಡು ಕುಣಿತ ಎಲ್ಲ ಇತ್ತು. ಸ್ಕೂಲು ಮುಗಿದು ನಾಲ್ಕು ವರ್ಷ ಆಯಿತು. ಬೆಳಿಗ್ಗೆ ಎದ್ದರೆ ಟಿವಿ, ಊಟ ಆದ ಮೇಲೆ ಮೊಬೈಲು. ಮಾತು ಕಡಿಮೆ ಆಗಿದೆ, ತೂಕ ಜಾಸ್ತಿ ಆಗಿದೆ. ಕಳೆದ ತಿಂಗಳು ನೆಂಟರ ಮನೆ ಮದುವೆಗೆ ಹೊರಟಿದ್ದೆವು. "ಅವನನ್ನ ಯಾಕೆ ಕರ್ಕೊಂಡು ಬರ್ತೀರಾ, ಸುಮ್ನೆ ನಿಮಗೇ ತೊಂದ್ರೆ" ಅಂದರು. ಅವನು ಹೊಸ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ನಾನೂ ಹೋಗಲಿಲ್ಲ.

ದುಡ್ಡಿನ ಸಹಾಯ ಕೇಳುತ್ತಿಲ್ಲ. ಅವನು ನಾಲ್ಕು ಜನರ ಜೊತೆ ಬೆರೆಯಬೇಕು, ಅಷ್ಟೇ. ನಿಮ್ಮ ಮನೆಯಲ್ಲಿ ಏನು ಮಾಡಿದಿರಿ? ಸರ್ಕಾರದ ಕಡೆಯಿಂದ ಏನಾದರೂ ಸಿಗುತ್ತದಾ?

ದಾವಣಗೆರೆಯಿಂದ, 29 ವರ್ಷದ ಮಗನ ತಾಯಿ

ಅಕ್ಕ, ಆ ಹೊಸ ಅಂಗಿಯ ಮಾತು ಓದಿ ನನಗೆ ಅಳು ಬಂತು. ನಮ್ಮ ಮನೆಯಲ್ಲೂ ಹೀಗೇ ಆಗಿದೆ. ನನ್ನ ಮಗನಿಗೆ ಬೌದ್ಧಿಕ ವಿಕಲತೆ, ಮಾತು ಸ್ವಲ್ಪ ತೊದಲು. ಅವನೂ ಸ್ಕೂಲು ಬಿಟ್ಟ ಮೇಲೆ ಎರಡು ವರ್ಷ ಮನೆಯಲ್ಲೇ ಇದ್ದ.

ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ, ನೀವು ಮಾಡಬೇಡಿ. ಹೊರಗೆ ಕರೆದುಕೊಂಡು ಹೋಗಬೇಕು ಅಂತ ಹಟಕ್ಕೆ ಬಿದ್ದು ಒಂದೇ ಸಲ ದೊಡ್ಡ ದೊಡ್ಡ ಕಡೆ ಹೋದೆ. ದುಗ್ಗಮ್ಮನ ಜಾತ್ರೆಗೆ ಹೋದಾಗ ಆ ಡೊಳ್ಳಿನ ಸದ್ದು, ಆ ನೂಕುನುಗ್ಗಲು ಅವನಿಗೆ ತಡೆಯಲಾಗಲಿಲ್ಲ. ಕಿವಿ ಮುಚ್ಚಿಕೊಂಡು ರಸ್ತೆಯಲ್ಲೇ ಕೂತುಬಿಟ್ಟ. ಜನ ಸುತ್ತ ನಿಂತರು. ಒಬ್ಬರು ಮೊಬೈಲು ತೆಗೆದು ವಿಡಿಯೋ ಮಾಡಲು ಶುರು ಮಾಡಿದರು. ಆಮೇಲೆ ಆರು ತಿಂಗಳು ಅವನು ಚಪ್ಪಲಿ ಮುಟ್ಟಲಿಲ್ಲ.

ಮತ್ತೆ ಶುರು ಮಾಡಿದ್ದು ನಮ್ಮ ಬೀದಿ ತುದಿಯ ಬೇಕರಿಯಿಂದ. ದಿನಾ ಸಂಜೆ 5 ಗಂಟೆಗೆ, ಎರಡು ಬನ್ನು. ಬೇರೆ ಏನೂ ಇಲ್ಲ. ಮೊದಲ ತಿಂಗಳು ನಾನು ಪಕ್ಕದಲ್ಲೇ ನಿಂತೆ. ಬೇಕರಿಯವರು ನನ್ನ ಮುಖ ನೋಡಿ "ಏನು ಕೊಡಲಿ?" ಅನ್ನುತ್ತಿದ್ದರು. ನಾನು ಒಂದು ದಿನ ಅವರು ಬಿಡುವಾಗಿದ್ದಾಗ ಹೋಗಿ ಹೇಳಿದೆ, "ಅಣ್ಣಾ, ಅವನನ್ನೇ ಕೇಳಿ. ಉತ್ತರಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತೆ, ಕಾಯಿರಿ. ಬನ್ನು, ಚಿಲ್ಲರೆ ಎರಡೂ ಅವನ ಕೈಗೇ ಕೊಡಿ." ಅವರು ಒಪ್ಪಿದರು. ಹಿಂದೆ ನಿಂತವರು ಗೊಣಗಿದರೂ ಕಾಯುತ್ತಿದ್ದರು. ಎರಡನೇ ತಿಂಗಳು ನಾನು ಕರೆಂಟ್ ಕಂಬದ ಹತ್ತಿರ ನಿಂತೆ. ಮೂರನೇ ತಿಂಗಳು ನಮ್ಮ ಗೇಟಿನಲ್ಲಿ. ಒಂದು ದಿನ ಜ್ವರ ಬಂದು ಅವನು ಹೋಗಲಿಲ್ಲ. ಮಾರನೇ ದಿನ ಬೇಕರಿಯವರು "ಯಾಕಪ್ಪಾ, ನಿನ್ನೆ ಕಾಣಲೇ ಇಲ್ಲ?" ಅಂದರಂತೆ. ಮನೆಗೆ ಬಂದು ಆ ಮಾತನ್ನು ನನಗೆ ನಾಲ್ಕು ಸಲ ಹೇಳಿದ. ಮನೆಯವರನ್ನು ಬಿಟ್ಟು ಬೇರೆ ಯಾರೋ ತನ್ನನ್ನು ಹುಡುಕಿದ್ದು ಅವನಿಗೆ ಅದೇ ಮೊದಲು.

ಅದಕ್ಕೇ ಹೇಳುತ್ತೇನೆ, ಹತ್ತು ಜಾಗ ಬೇಡ. ಒಂದೇ ಜಾಗ, ಅದೇ ದಿನ, ಅದೇ ಹೊತ್ತು. ನಿಮ್ಮ ಮಗನ ಮುಖ ಅವರಿಗೆ ಪರಿಚಯ ಆಗಬೇಕು, ಅವರ ಮುಖ ಅವನಿಗೆ.

ಬೇಕರಿ ಆದ ಮೇಲೆ ಶನಿವಾರದ ಭಜನೆ. ಆಂಜನೇಯನ ಗುಡಿಯಲ್ಲಿ ಎಂಟೋ ಹತ್ತೋ ಜನ ಸೇರುತ್ತಾರೆ. ಅವನಿಗೆ ತಾಳ ಕೊಟ್ಟರು. ಲಯ ತಪ್ಪುತ್ತಿತ್ತು, ಈಗಲೂ ಒಮ್ಮೊಮ್ಮೆ ತಪ್ಪುತ್ತದೆ. ಭಜನೆಯ ಹಿರಿಯರು "ದೇವರಿಗೆ ಕೇಳಿಸ್ತಲ್ಲ, ಸಾಕು ಬಿಡಿ" ಅಂದರು. ಅವರನ್ನು ನಾನು ಮರೆಯುವುದಿಲ್ಲ.

ಮದುವೆ ವಿಷಯಕ್ಕೆ ಬರುತ್ತೇನೆ. ಮದುವೆ ಮನೆಯಲ್ಲಿ ಸುಮ್ನೆ ಕುರ್ಚಿಯಲ್ಲಿ ಕೂರಿಸಿದರೆ ನಮ್ಮ ಮಕ್ಕಳಿಗೆ ಕಷ್ಟ. ಮೂರು ಗಂಟೆ ಏನು ಮಾಡುತ್ತಾರೆ? ನನ್ನ ತಮ್ಮನ ಮಗಳ ಮದುವೆಯಲ್ಲಿ ಅವನಿಗೆ ಎಲೆ ಹಾಕುವ ಕೆಲಸ ಕೊಟ್ಟೆವು. ಅದಕ್ಕೆ ಮೊದಲು ಮನೆಯಲ್ಲಿ 15 ದಿನ ಅಭ್ಯಾಸ ಮಾಡಿಸಿದೆ. ಬಾಳೆಲೆಯ ತುದಿ ಊಟಕ್ಕೆ ಕೂತವರ ಎಡಕ್ಕೆ ಬರಬೇಕು, ಅಲ್ವಾ? ಅದು ಅವನಿಗೆ ಕಲಿಯಲು ಕಷ್ಟ ಆಯಿತು. ಕೊನೆಗೆ ಅವನ ಎಡಗೈಗೆ ಒಂದು ಕೆಂಪು ದಾರ ಕಟ್ಟಿದೆ. "ದಾರದ ಕಡೆಗೆ ಚೂಪು" ಅಂತ ಹೇಳಿಕೊಟ್ಟೆ. ಊಟಕ್ಕೆ ಕೂರುವವರ ಕಡೆಯೇ ನಿಂತು, ಅವರು ಬರುವ ಮೊದಲೇ ಎಲೆ ಹಾಕಬೇಕು. ಅವರು ನೋಡುವ ದಿಕ್ಕಿಗೇ ಇವನೂ ನೋಡಬೇಕು. ಎದುರು ಕಡೆ ನಿಂತರೆ ಎಡ ಬಲ ತಿರುಗಾಮುರುಗಾ ಆಗುತ್ತದೆ. ಮೂರು ಪಂಕ್ತಿಗೂ ಅವನೇ ಹಾಕಿದ. ಈಗ ದಾರ ಬೇಕಿಲ್ಲ. ನಮ್ಮ ನೆಂಟರಲ್ಲಿ ಯಾರ ಮನೆ ಕಾರ್ಯ ಇದ್ದರೂ "ಎಲೆಗೆ ಅವನನ್ನು ಕಳಿಸಿ" ಅಂತ ಫೋನು ಬರುತ್ತದೆ. ಮೊದಲು ಬೇಡ ಅಂದವರ ಮನೆಯಿಂದಲೂ ಬಂದಿದೆ.

ಮದುವೆಗೆ ಮುಹೂರ್ತದ ಹೊತ್ತಿಗೆ ಹೋಗಬೇಡಿ. ಬೆಳಿಗ್ಗೆ ಬೇಗ, ಛತ್ರ ಖಾಲಿ ಇರುವಾಗ ಹೋಗಿ. ಬಚ್ಚಲು ಎಲ್ಲಿ, ಗಲಾಟೆ ಆದರೆ ಹೋಗಿ ಕೂರುವ ಕೋಣೆ ಯಾವುದು, ಎಲ್ಲ ತೋರಿಸಿ. ವಾದ್ಯದವರಿಂದ ದೂರ ಕೂರಿಸಿ. ಅಂಗಿಯ ಒಳಜೇಬಿಗೆ ನಿಮ್ಮ ಫೋನ್ ನಂಬರ್ ಬರೆದ ಬಟ್ಟೆ ಚೂರು ಹೊಲಿದುಬಿಡಿ. ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಅರ್ಧ ಗಂಟೆ ಮಗನನ್ನು ಕಳೆದುಕೊಂಡು ನಾನು ಪಟ್ಟ ಪಾಡು ನಿಮಗೆ ಬೇಡ.

ಉಡುಪಿ ಕಡೆಯ ಒಬ್ಬ ತಂದೆ

ಮೇಲಿನ ತಾಯಿ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. 22 ವರ್ಷದ ಹುಡುಗನಿಗೆ ಯಾವಾಗಲೂ ಅಮ್ಮನ ಜೊತೆಗೇ ಹೊರಗೆ ಹೋಗುವುದು ಇಷ್ಟ ಆಗಲಿಕ್ಕಿಲ್ಲ. ನನ್ನ ಮಗನಿಗೆ 24, ಆಟಿಸಂ. ನಾವು ಪಕ್ಕದ ಬೀದಿಯ ಒಬ್ಬ ಡಿಗ್ರಿ ಓದುವ ಹುಡುಗನನ್ನು ಜೊತೆಗೆ ಹಾಕಿದೆವು. ವಾರಕ್ಕೆ ಎರಡು ಸಂಜೆ. ಅವನ ಹೊತ್ತಿಗೆ ದುಡ್ಡು ಕೊಡುತ್ತೇವೆ, ಪುಕ್ಕಟೆ ಅಲ್ಲ. ಪುಕ್ಕಟೆ ಆದರೆ ಪರೀಕ್ಷೆ ಬಂದಾಗ ನಿಂತುಹೋಗುತ್ತದೆ.

ಅವನಿಗೆ ಮೊದಲೇ ಹೇಳಿಟ್ಟದ್ದು ಇಷ್ಟು. ರಸ್ತೆ ದಾಟುವಾಗ ಬಿಟ್ಟು ಬೇರೆ ಹೊತ್ತಿನಲ್ಲಿ ಕೈ ಹಿಡಿಯಬೇಡ. ಯಾರಾದರೂ ಏನಾದರೂ ಕೇಳಿದರೆ ಇವನ ಪರವಾಗಿ ನೀನು ಉತ್ತರ ಕೊಡಬೇಡ. ಪರ್ಸು ಇವನ ಹತ್ತಿರವೇ ಇರಲಿ. ಇವನಿಗೆ ಸಾಕಾಯಿತು ಅಂದರೆ ವಾಪಸ್ ಬಾ, ಒತ್ತಾಯ ಬೇಡ. ಇಬ್ಬರೂ ಮಲ್ಪೆಗೆ ಹೋಗುತ್ತಾರೆ, ದೋಣಿ ನೋಡುತ್ತಾರೆ, ಗೋಳಿಬಜೆ ತಿಂದು ಬರುತ್ತಾರೆ. ಎರಡು ವರ್ಷದಲ್ಲಿ ಆ ಹುಡುಗನ ಗೆಳೆಯರು ನಾಲ್ಕು ಜನ ಇವನಿಗೂ ಗೆಳೆಯರಾದರು. ಅವರಲ್ಲಿ ಇಬ್ಬರು ಇವನ ಹುಟ್ಟುಹಬ್ಬಕ್ಕೆ ಕರೆಯದೆಯೂ ಬಂದಿದ್ದರು.

ಆಟ ಇಷ್ಟ ಇದ್ದರೆ ಸ್ಪೆಷಲ್ ಒಲಿಂಪಿಕ್ಸ್ ಭಾರತ್‌ನವರ ಬಗ್ಗೆ ವಿಚಾರಿಸಿ. ಅದು ಬೌದ್ಧಿಕ ವಿಕಲತೆ ಇರುವವರಿಗಾಗಿಯೇ ಇರುವುದು, ದೊಡ್ಡವರೂ ಸೇರಬಹುದು. ಅಲ್ಲಿ ಬೋಚಿ ಅಂತ ಒಂದು ಆಟ. ಸಣ್ಣ ಚೆಂಡಿನ ಹತ್ತಿರಕ್ಕೆ ದೊಡ್ಡ ಚೆಂಡು ಉರುಳಿಸುವುದು, ಓಡುವ ಕೆಲಸ ಇಲ್ಲ. ವಿಕಲತೆ ಇರುವವರು, ಇಲ್ಲದವರು ಒಂದೇ ತಂಡದಲ್ಲಿ ಆಡುವ ಪದ್ಧತಿಯೂ ಇದೆ. ಅದನ್ನು ಯೂನಿಫೈಡ್ ಅನ್ನುತ್ತಾರೆ. ನಿಮ್ಮ ಮಗ ಓದಿದ ಸ್ಕೂಲಿನಲ್ಲೇ ಮೊದಲು ಕೇಳಿ, ಅವರಿಗೆ ಗೊತ್ತಿರುತ್ತದೆ. ಒಂದು ಎಚ್ಚರಿಕೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಕೆಲವರಿಗೆ ಹೃದಯದ ತೊಂದರೆ, ಕೆಲವರಿಗೆ ಕುತ್ತಿಗೆ ಮೂಳೆಯ ತೊಂದರೆ ಇರುತ್ತದೆ. ಡಾಕ್ಟರನ್ನು ಕೇಳಿಯೇ ಆಟಕ್ಕೆ ಕಳಿಸಿ.

ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯೂ. (ವಿಕಲಚೇತನರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಆಗಿರುವವರು

ಅಮ್ಮಾ, ಸರ್ಕಾರದ ಕಡೆಯದ್ದು ನಾನು ಹೇಳುತ್ತೇನೆ. ನನಗೂ ಪೋಲಿಯೋ ಆಗಿ ಒಂದು ಕಾಲು ಬಲ ಇಲ್ಲ. ನಿಮ್ಮ ಪಂಚಾಯಿತಿಯಲ್ಲೂ ನನ್ನಂಥ ಒಬ್ಬರು ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರ ಮೇಲೆ ತಾಲ್ಲೂಕು ಪಂಚಾಯಿತಿಯಲ್ಲಿ ಎಂ.ಆರ್.ಡಬ್ಲ್ಯೂ., ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಮೊದಲು ಇವರನ್ನು ಹಿಡಿಯಿರಿ.

ಜೊತೆಗಾರನನ್ನು ಕೊಡುವ ಯೋಜನೆ ಅಂತ ನಮ್ಮ ಕೈಯಲ್ಲಿ ಇಲ್ಲ. ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ. ಆದರೆ ಓಡಾಟಕ್ಕೆ ಅನುಕೂಲ ಇದೆ. ಯು.ಡಿ.ಐ.ಡಿ. ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ, ಆಗಿದೆಯಾ ನೋಡಿ, ಎಲ್ಲದಕ್ಕೂ ಅದೇ ಮೂಲ. ಅದಿದ್ದರೆ ಸರ್ಕಾರದ ಸೇವಾಸಿಂಧು ವೆಬ್‌ಸೈಟಿನಲ್ಲಿ ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸಿಗೆ ಅರ್ಜಿ ಹಾಕಬಹುದು. ಮನೆಯಿಂದ 100 ಕಿಲೋಮೀಟರ್‌ವರೆಗೆ ನಡೆಯುತ್ತದೆ. ನಿಮಗೆ ಶಕ್ತಿ ಯೋಜನೆ ಇದ್ದೇ ಇದೆ. ತಾಯಿ ಮಗ ಇಬ್ಬರೂ ಪೇಟೆಗೆ ಹೋಗಿಬರಲು ದಿನಾ ಟಿಕೆಟಿನ ಯೋಚನೆ ಬೇಡ. ಒಬ್ಬರೇ ಪ್ರಯಾಣ ಮಾಡಲಾಗದ ಬೌದ್ಧಿಕ ವಿಕಲಚೇತನರಿಗೆ ರೈಲಿನ ಸ್ಲೀಪರ್‌ನಲ್ಲಿ 75% ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ. ಅದಕ್ಕೆ ಡಾಕ್ಟರ ಪ್ರಮಾಣಪತ್ರ ರೈಲ್ವೆಯ ನಮೂನೆಯಲ್ಲೇ ಇರಬೇಕು.

ನಿರಾಮಯ ಆರೋಗ್ಯ ವಿಮೆ ಮಾಡಿಸಿದ್ದೀರಾ? ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ್ದು (ನ್ಯಾಷನಲ್ ಟ್ರಸ್ಟ್), ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಹೊರಗಿನ ಓಡಾಟಕ್ಕೆ ಸಂಬಂಧ ಇಲ್ಲದಿದ್ದರೂ ಮಾಡಿಸಿಡಿ.

ಇನ್ನೊಂದು. ವಿಕಲಚೇತನರ ಸಮನ್ವಯ ಗ್ರಾಮಸಭೆ ಅಂತ ಪಂಚಾಯಿತಿಯಲ್ಲಿ ನಡೆಸುತ್ತೇವೆ. ಬರುವವರೆಲ್ಲ ಪಿಂಚಣಿ, ಗಾಡಿ ಇಷ್ಟೇ ಕೇಳಿ ಹೋಗುತ್ತಾರೆ. ನೀವು ಮಗನನ್ನು ಕರೆದುಕೊಂಡೇ ಬನ್ನಿ. ಪಂಚಾಯಿತಿಯ ಗ್ರಂಥಾಲಯದಲ್ಲಿ, ಈಗ ಅರಿವು ಕೇಂದ್ರ ಅನ್ನುತ್ತಾರಲ್ಲ, ಅಲ್ಲಿ ಇಂಥವರಿಗೆ ವಾರಕ್ಕೊಂದು ದಿನ ಕೂರಲು, ಆಡಲು ಜಾಗ ಬೇಕು ಅಂತ ಕೇಳಿ, ನಡಾವಳಿಯಲ್ಲಿ ಬರೆಸಿ. ನಮ್ಮಲ್ಲಿ ಒಬ್ಬರು ತಾಯಿ ಹೀಗೆ ಕೇಳಿದ್ದಕ್ಕೇ ಬುಧವಾರದ ಕೇರಂ ಶುರುವಾಯಿತು. ಈಗ ಐದು ಜನ ಬರುತ್ತಾರೆ. ಸ್ಕೂಲು ಬಿಟ್ಟ ಮೇಲೆ ಊರ ಮಕ್ಕಳೂ ಬಂದು ಸೇರಿಕೊಳ್ಳುತ್ತಾರೆ.

ಮೈಸೂರಿನಿಂದ, ಗಾಲಿಕುರ್ಚಿ ಬಳಸುವ ಮಹಿಳೆ

ಎಲ್ಲರೂ ಒಳ್ಳೆಯದನ್ನೇ ಹೇಳಿದ್ದೀರಿ. ನನಗೆ ಕೇಳಬೇಕು ಅನ್ನಿಸಿದ್ದು ಒಂದೇ. ಅಕ್ಕ, ಅವನಿಗೆ ಎಲ್ಲಿಗೆ ಹೋಗಲು ಇಷ್ಟ?

ನನಗೆ ಸೆರೆಬ್ರಲ್ ಪಾಲ್ಸಿ, ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ. ಚಿಕ್ಕವಳಿದ್ದಾಗ ಎಲ್ಲರೂ ನನ್ನನ್ನು ದೇವಸ್ಥಾನಕ್ಕೇ ಕರೆದುಕೊಂಡು ಹೋಗುತ್ತಿದ್ದರು. ನನಗೆ ಬೇಕಾಗಿದ್ದದ್ದು ಕ್ರಿಕೆಟ್ ಮ್ಯಾಚು. ಯಾರೂ ಕೇಳಲಿಲ್ಲ. ಮಾತು ಕಡಿಮೆ ಇದ್ದರೆ ನಾಲ್ಕು ಫೋಟೋ ಮುಂದೆ ಇಡಿ. ಕೆರೆ, ಅಂಗಡಿ, ಗುಡಿ, ಆಟದ ಬಯಲು, ಹೀಗೆ. ಯಾವುದನ್ನು ಮುಟ್ಟುತ್ತಾನೆ ನೋಡಿ. ಎರಡು ಮೂರು ದಿನ ಬಿಟ್ಟು ಮತ್ತೆ ಇಡಿ.

ಆಮೇಲೆ ಓಟಿನ ವಿಷಯ. 18 ಆಗಿದೆಯಲ್ಲ, ಹೆಸರು ಸೇರಿಸಿದ್ದೀರಾ? ಮನಸ್ಸು ಸ್ಥಿಮಿತದಲ್ಲಿಲ್ಲ ಅಂತ ಕೋರ್ಟು ಹೇಳಿದರೆ ಮಾತ್ರ ಆ ಹಕ್ಕು ಹೋಗುವುದು. ಡೌನ್ ಸಿಂಡ್ರೋಮ್ ಇದೆ ಅಂದ ಮಾತ್ರಕ್ಕೆ ಹೋಗುವುದಿಲ್ಲ. 2023ರ ವಿಧಾನಸಭೆ ಚುನಾವಣೆಯಲ್ಲಿ ನಮ್ಮಂಥವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಕೊಟ್ಟಿದ್ದರು. ನಾನು ಬೇಡ ಅಂದು ಮತಗಟ್ಟೆಗೇ ಹೋದೆ. ಸಾಲಿನಲ್ಲಿ ನಿಂತವರು ಮಾತಾಡಿಸಿದರು, ಬಿಸಿಲು ಅಂತ ಒಬ್ಬರು ಮಜ್ಜಿಗೆ ಕೊಟ್ಟರು. ಮತ ಹಾಕುವಾಗ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದು ನಮ್ಮ ಮೈಸೂರಲ್ಲೇ. ಬೆರಳಿನ ಗುರುತು ಹೋಗುವವರೆಗೂ ನಾನು ಎಲ್ಲರಿಗೂ ತೋರಿಸುತ್ತಿದ್ದೆ. ನಿಮ್ಮ ಮಗನಿಗೂ ಆ ಗುರುತು ಬೀಳಲಿ.

ಬೆಂಗಳೂರಿನಿಂದ, ಒಬ್ಬ ಅಕ್ಕ

ನನ್ನ ತಮ್ಮನಿಗೂ ಡೌನ್ ಸಿಂಡ್ರೋಮ್, 31 ವರ್ಷ. ಅಮ್ಮಂದಿರು ಒಂದು ಮರೆಯುತ್ತೀರಿ. ಹೊರಗೆ ಹೋದಾಗ "ಪುಟ್ಟ, ಕಂದ" ಅನ್ನಬೇಡಿ, ತುತ್ತು ತಿನ್ನಿಸಬೇಡಿ. ನಾವು ಮಗು ಅಂದರೆ ನೋಡುವವರೂ ಮಗು ಅನ್ನುತ್ತಾರೆ. ಅವನ ವಯಸ್ಸಿನ ಹುಡುಗರು ಹಾಕುವ ಪ್ಯಾಂಟು ಅಂಗಿಯನ್ನೇ ಕೊಡಿಸಿ, ಅವನೇ ಆರಿಸಲಿ. ಒಳ್ಳೆಯ ಕಟಿಂಗ್ ಮಾಡಿಸಿ. ನನ್ನ ತಮ್ಮ ಇದಾದ ಮೇಲೆ ಎದೆ ಉಬ್ಬಿಸಿ ನಡೆಯಲು ಶುರು ಮಾಡಿದ. ಕಟಿಂಗ್ ಅಂಗಡಿಯವರೇ ಅವನ ಮೊದಲ ಗೆಳೆಯರು.

ಕೇಳಿದ ತಾಯಿ, ಮೂರು ವಾರದ ಮೇಲೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ತಡವಾಗಿ ಬರೆಯುತ್ತಿದ್ದೇನೆ.

ಫೋಟೋ ಇಟ್ಟು ನೋಡಿದೆ. ಅಂಗಡಿ ಮುಟ್ಟಲಿಲ್ಲ, ಗುಡಿ ಮುಟ್ಟಲಿಲ್ಲ. ಎಲ್ಲ ಫೋಟೋ ಪಕ್ಕಕ್ಕೆ ತಳ್ಳಿ ಕಿಟಕಿ ಕಡೆ ಕೈ ತೋರಿಸಿದ. ನನಗೆ ಅರ್ಥ ಆಗಲಿಲ್ಲ. ಮಾರನೇ ದಿನ ರೈಲು ಕೂಗಿದಾಗ ಎದ್ದು ನಿಂತು ಮತ್ತೆ ಅದೇ ಕಡೆ ತೋರಿಸಿದ. ನಾಲ್ಕು ವರ್ಷ ಆ ಕಿಟಕಿ ಪಕ್ಕ ಟಿವಿ ನೋಡುತ್ತಾನೆ ಅಂದುಕೊಂಡಿದ್ದೆ.

ಎರಡು ಭಾನುವಾರ ಅರಸೀಕೆರೆ ಸ್ಟೇಷನ್ನಿಗೆ ಹೋದೆವು. 10 ರೂಪಾಯಿಯ ಪ್ಲಾಟ್‌ಫಾರಂ ಟಿಕೆಟ್ಟು ಅವನೇ ಕೇಳಿ ತೆಗೆದುಕೊಂಡ. ಬಾಯಿಂದ "ಎರಡು" ಅಂತ ಬಂತು. ಜಂಕ್ಷನ್ ಅಲ್ವಾ, ಸುಮಾರು ಗಾಡಿ ಬರುತ್ತವೆ. ಹೋಗುವವರಿಗೆಲ್ಲ ಕೈ ಬೀಸಿದ. ಬಹಳ ಜನ ತಿರುಗಿ ಕೈ ಬೀಸಿದರು. ಎರಡನೇ ವಾರ ಟೀ ಮಾರುವವರು ಅವನ ಪಕ್ಕದಲ್ಲೇ ಕ್ಯಾನು ಇಳಿಸಿ ಸ್ವಲ್ಪ ಹೊತ್ತು ಕೂತಿದ್ದರು. ಅವನು ಅವರಿಗೆ ಏನೋ ಹೇಳುತ್ತಿದ್ದ. ನಾನು ಸ್ವಲ್ಪ ದೂರದ ಬೆಂಚಿನಲ್ಲಿ ಕೂತಿದ್ದೆ, ಕೇಳಿಸಲಿಲ್ಲ.

ಬಸ್ ಪಾಸಿಗೆ ಫೋಟೋ ತೆಗೆಸಿದ್ದೇವೆ. ಅದಕ್ಕೆ ಮೊದಲು ಕಟಿಂಗೂ ಆಯಿತು. ಎಲೆ ಹಾಕುವುದನ್ನು ಇವತ್ತಿನಿಂದ ಕಲಿಸುತ್ತೇನೆ. ನನ್ನ ನಾದಿನಿ ಮನೆ ಗೃಹಪ್ರವೇಶ ಬರುವ ತಿಂಗಳಿದೆ.