ಪಿಡಿಎಸ್ 70: ಎಚ್-ಆಲ್ಫಾ ಗೆರೆಯ ಸುತ್ತ ಉಂಗುರ ಉಳಿಯುತ್ತಿದೆ

ಪ್ರಶ್ನೆ | ಗೆರೆಹುಡುಕ
ವಿಎಲ್‌ಟಿ ದೂರದರ್ಶಕದ ಮ್ಯೂಸ್ (ಪ್ರತಿ ಪಿಕ್ಸೆಲ್‌ಗೂ ರೋಹಿತ, ಅಂದರೆ ತರಂಗಾಂತರವಾರು ಬೆಳಕು, ದಾಖಲಿಸುವ ಉಪಕರಣ) ತೆಗೆದ, ಎಳೆಯ ನಕ್ಷತ್ರ ಪಿಡಿಎಸ್ 70ರ ದತ್ತಾಂಶ ಸಂಸ್ಕರಿಸುತ್ತಿದ್ದೇನೆ. ಬಿಸಿ ಜಲಜನಕ ಸೂಸುವ ಎಚ್-ಆಲ್ಫಾ ಗೆರೆಯಲ್ಲಿ (656.28 ನ್ಯಾನೋಮೀಟರ್) ಅದರ ಬಿ, ಸಿ ಎರಡೂ ಗ್ರಹ ಕಾಣುತ್ತವೆ. ಆದರೆ ನಕ್ಷತ್ರದ ಉಳಿಕೆ ಬೆಳಕು ಉಂಗುರವಾಗಿ ಬಿಯವರೆಗೂ ಚಾಚಿದೆ. ಪಿಸಿಎ (ದತ್ತಾಂಶದಲ್ಲಿ ಮರುಕಳಿಸುವ ಮಾದರಿಗಳನ್ನು ಕಲಿತು ಕಳೆಯುವ ವಿಧಾನ) ಘಟಕ ಹೆಚ್ಚಿಸಿದರೆ ಉಂಗುರದ ಜೊತೆ ಸಿ ಕೂಡ ಮಂಕಾಗುತ್ತದೆ. ಏನು ಮಾಡಲಿ? ಗೆರೆಯ ಹೊಳಪಿನಿಂದ ಗ್ರಹಕ್ಕೆ ಬೀಳುವ ಅನಿಲದ ಪ್ರಮಾಣ ತೆಗೆಯುವುದು ಹೇಗೆ?

ಉತ್ತರ | ನಕ್ಷೆಗಾರ
ಆ ನಕ್ಷತ್ರಕ್ಕೂ ಎಚ್-ಆಲ್ಫಾ ಗೆರೆ ಇದೆ, ಉಂಗುರ ಅದರದ್ದೇ. ಮ್ಯೂಸ್ ಚಿತ್ರವನ್ನು ಪಟ್ಟಿಪಟ್ಟಿಯಾಗಿ ಸೀಳುತ್ತದೆ. ಪಟ್ಟಿಯಿಂದ ಪಟ್ಟಿಗೆ ಗೆರೆಯ ಅಗಲ ತುಸು ಬೇರೆ, ಹಾಗಾಗಿ ಒಂದೇ ಸರಾಸರಿ ರೋಹಿತ ಕಳೆದರೆ ಪೂರ್ತಿ ಹೋಗದು.

ಮೊದಲು ಪ್ರತಿ ಪಿಕ್ಸೆಲ್‌ನ ರೋಹಿತವನ್ನು ಅದರ ಒಟ್ಟು ಹೊಳಪಿನಿಂದ ಭಾಗಿಸಿ, ಆಮೇಲೆ ಸರಾಸರಿ ನಕ್ಷತ್ರ ರೋಹಿತದಿಂದ. ಸಿಕ್ಕ ಭಾಗಲಬ್ಧವನ್ನು ಸುಮಾರು 100 ಚಾನೆಲ್ (ತರಂಗಾಂತರದ ಮೆಟ್ಟಿಲು) ಕಿಟಕಿಯಲ್ಲಿ ನಯಗೊಳಿಸಿ, ನಕ್ಷತ್ರ ರೋಹಿತಕ್ಕೆ ಗುಣಿಸಿ, ಆ ಪಿಕ್ಸೆಲ್‌ನ ರೋಹಿತದಿಂದ ಕಳೆಯಿರಿ. ಚಾನೆಲ್ 0.125 ನ್ಯಾನೋಮೀಟರ್, ಗ್ರಹದ ಗೆರೆ ಎರಡು ಮೂರು ಚಾನೆಲ್ ಅಷ್ಟೇ. ಕಿಟಕಿ ಕಿರಿದಾದರೆ ಗೆರೆಯೇ ಹೋಗುತ್ತದೆ.

ಪಿಸಿಎ ಕಲಿಸುವಾಗ ಗ್ರಹಗಳ ಪಿಕ್ಸೆಲ್ ಮುಚ್ಚಿ. ಸಿ ಮಂಕಾಗಲು ಇದನ್ನು ಬಿಟ್ಟದ್ದೇ ಕಾರಣವಿರಬೇಕು. ಬಿ ಇರುವುದು 0.18 ಆರ್ಕ್‌ಸೆಕೆಂಡ್ ದೂರದಲ್ಲಿ, ಅಂದರೆ ಬರೀ ಏಳು ಪಿಕ್ಸೆಲ್. ಅಷ್ಟೇ ದೂರದ ಬೇರೆ ಕೋನಗಳಲ್ಲಿ ಗೊತ್ತಿರುವ ಹೊಳಪಿನ ಕೃತಕ ಗ್ರಹ ಕೂಡಿಸಿ, ಎಷ್ಟು ಮರಳಿ ಸಿಗುತ್ತದೆ ನೋಡಿ. ಘಟಕಗಳ ಸಂಖ್ಯೆ ಅದರಿಂದಲೇ ತೀರ್ಮಾನಿಸಿ, ಕಣ್ಣಂದಾಜಿನಿಂದ ಬೇಡ.

ಉತ್ತರ | ಧೂಳುತಟ್ಟೆ
ಇನ್ನೊಂದು ಪರೀಕ್ಷೆ ಬಿಡಬೇಡಿ. ನಕ್ಷತ್ರದ ಸುತ್ತಲಿನ ತಟ್ಟೆಯ ಧೂಳು ಅದರ ಗೆರೆಯನ್ನೇ ಚದುರಿಸಿ ತೋರಿಸಬಹುದು. ಆಗ ಗೆರೆ ಮತ್ತು ಅಕ್ಕಪಕ್ಕದ ಬೆಳಕಿನ ಅನುಪಾತ ನಕ್ಷತ್ರದ್ದೇ ಇರುತ್ತದೆ. ಗ್ರಹದ್ದಾದರೆ ಗೆರೆ ಮಾತ್ರ ಎದ್ದು ಕಾಣಬೇಕು. ಎಬಿ ಆರಿಗೇ ನಕ್ಷತ್ರದ ಬಳಿ ಗ್ರಹವೆನ್ನಲಾದ ಎಬಿ ಆರಿಗೇ ಬಿ ವಿಷಯದ ವಾದವೆಲ್ಲ ಇದೇ.

ಉತ್ತರ | ಆಘಾತತರಂಗ
ಬೀಳುವ ಅನಿಲದ ಲೆಕ್ಕದಲ್ಲಿ ಜೋಪಾನ. ಎಳೆಯ ನಕ್ಷತ್ರಗಳಿಗೆ ಕಟ್ಟಿದ ಸೂತ್ರವನ್ನು ಗ್ರಹಕ್ಕೆ ಹಚ್ಚಿದರೆ ಉತ್ತರ ತೀರಾ ಕಡಿಮೆ ಬರಬಹುದು. ಗುರುಗ್ರಹದ 5 ಪಟ್ಟು ರಾಶಿ, 2 ಪಟ್ಟು ತ್ರಿಜ್ಯ ಹಿಡಿದರೆ ಅನಿಲ ಬೀಳುವ ವೇಗ ಸೆಕೆಂಡಿಗೆ ಸುಮಾರು 94 ಕಿಲೋಮೀಟರ್. ನಕ್ಷತ್ರದ ಮೇಲೆ ಅದು ನೂರಾರು. ಅನಿಲ ಗ್ರಹಕ್ಕೆ ಅಪ್ಪಳಿಸಿ ಏಳುವ ಆಘಾತದಲ್ಲಿ ಶಕ್ತಿಯ ಸ್ವಲ್ಪ ಪಾಲು ಮಾತ್ರ ಎಚ್-ಆಲ್ಫಾಕ್ಕೆ ಬರುತ್ತದೆ. ಗ್ರಹಗಳ ಆಘಾತ ಮಾದರಿಯ ಸೂತ್ರವನ್ನೇ ಬಳಸಿ.

ಅದಕ್ಕೂ ಮೊದಲು 486.1 ನ್ಯಾನೋಮೀಟರ್‌ನ ಎಚ್-ಬೀಟಾ (ಜಲಜನಕದ ಇನ್ನೊಂದು ಗೆರೆ) ನೋಡಿ, ಮ್ಯೂಸ್ ವ್ಯಾಪ್ತಿಯಲ್ಲೇ ಇದೆ. ಅದು ಕಾಣದಿದ್ದರೆ ಅದರ ಗರಿಷ್ಠ ಮಿತಿಯಿಂದ ಧೂಳಿನ ಮರೆ ಕನಿಷ್ಠ ಎಷ್ಟೆಂದು ಸಿಗುತ್ತದೆ. ಎಚ್-ಆಲ್ಫಾದಲ್ಲಿ ಎರಡು ಮ್ಯಾಗ್ನಿಟ್ಯೂಡ್ (ಹೊಳಪಿನ ಮಾನ) ಮರೆ ಎಂದರೆ ನಿಜವಾದ ಹೊಳಪು ನೀವು ಅಳೆದದ್ದಕ್ಕಿಂತ 6.3 ಪಟ್ಟು.