ಟೈಮಿಗೆ ನಂಬರ್ ಒನ್ ಅಂತೆ! (ನಮ್ಮ ಫ್ಯಾಮಿಲಿ ಗ್ರೂಪ್ ಜಗಳ)

ರಘು ಚಿಕ್ಕಪ್ಪ: (ಒಂದು ಏರ್‌ಲೈನಿನ ಫಾರ್ವರ್ಡ್ ಫೋಟೋ: ‘ಟೈಮಿಗೆ ಹೊರಡೋದ್ರಲ್ಲಿ ಈ ತಿಂಗಳೂ ನಾವೇ ನಂಬರ್ ಒನ್’)
ನೋಡ್ರಪ್ಪ, ಯಾವಾಗ್ಲೂ ಲೇಟು ಲೇಟು ಅಂತ ಬೈತಿರ್ತೀರಲ್ಲ, ಇದು ಡಿಜಿಸಿಎ ಲೆಕ್ಕ, ವಿಮಾನಗಳನ್ನ ನೋಡ್ಕೊಳ್ಳೋ ಸರ್ಕಾರಿ ಇಲಾಖೆದು

ಸುಮ ಅತ್ತೆ: ರಘು, ಇದೇ ಕಂಪ್ನಿ ವಿಮಾನದಲ್ಲೇ ಕಣೋ ನಾವು ದೆಹಲಿಯಿಂದ ಬಂದಿದ್ದು. ಟೈಮಿಗೆ ಸರಿಯಾಗಿ ಬಾಗ್ಲು ಹಾಕಿದ್ರು, ಒಂಚೂರು ಹಿಂದಕ್ಕೆ ತಳ್ಳಿದ್ರು, ಆಮೇಲೆ ಅಲ್ಲೆಲ್ಲೋ ನಿಲ್ಸಿ ಮುಕ್ಕಾಲು ಗಂಟೆ ಕೂರ್ಸಿದ್ರು, ನಿಮ್ಮ ಭಾವಂಗೆ ಬೆನ್ನುನೋವು ಬೇರೆ. ಅದೂ ನಂಬರ್ ಒನ್ನಾ?

ಅನು ಅಕ್ಕ: ಲೆಕ್ಕದ ಪ್ರಕಾರ ಅದು ಆನ್ ಟೈಮೇ ಅತ್ತೆ. ಚಕ್ರಕ್ಕೆ ಅಡ್ಡ ಇಟ್ಟಿರೋ ಚಾಕ್ ತೆಗೆದು ವಿಮಾನ ಸ್ಟ್ಯಾಂಡ್ ಬಿಡತ್ತಲ್ಲ, ಏರ್‌ಪೋರ್ಟಲ್ಲಿ ಕೆಲಸ ಮಾಡೋ ನಾವು ವಿಮಾನ ನಿಲ್ಲೋ ರ್‍ಯಾಂಪಲ್ಲಿ ಡಿಪಾರ್ಚರ್ ಅಂತ ಬರ್ಕೊಳ್ಳೋದು ಆ ಟೈಮ್, ಹಾರಿದ ಟೈಮ್ ಅಲ್ಲ. ಟಿಕೆಟ್ ಟೈಮಿಂದ 15 ನಿಮಿಷದೊಳಗೆ ಬಿಟ್ರೆ ಲೇಟೇ ಅಲ್ಲ

ಹುಬ್ಬಳ್ಳಿ ಮಾವ: ಹಂಗಿದ್ರ ಎಲ್ಲಾರೂ ಹತ್ತಿದ ಕೂಡ್ಲೆ ನಾಕು ಫೂಟು ದೂಡಿ ನಿಲ್ಲಿಸಿಬಿಟ್ರ ಆತಲ್ಲ!

ಅನು ಅಕ್ಕ: ಸುಮ್ನೆ ದೂಡಕ್ಕಾಗಲ್ಲ ಮಾವ, ಪುಶ್‌ಬ್ಯಾಕಿಗೆ ಎಟಿಸಿ, ಅಂದ್ರೆ ಕಂಟ್ರೋಲ್ ಟವರಿನೋರ ಕ್ಲಿಯರೆನ್ಸ್ ಬೇಕು. ಅಸಲಿ ಆಟ ಇರೋದು ಬ್ಲಾಕ್ ಟೈಮಲ್ಲಿ, ಅಂದ್ರೆ ಸ್ಟ್ಯಾಂಡ್ ಬಿಟ್ಟಿದ್ದರಿಂದ ಇನ್ನೊಂದು ಊರಲ್ಲಿ ಸ್ಟ್ಯಾಂಡಿಗೆ ಬಂದು ನಿಲ್ಲೋವರೆಗೂ. ಬೆಂಗಳೂರು ಚೆನ್ನೈ ಗಾಳಿಲಿರೋದು ಮುಕ್ಕಾಲು ಗಂಟೆ ಒಳಗೆ, ಟಿಕೆಟ್ಟಲ್ಲಿ ಒಂದು ಗಂಟೆ ಮೇಲೇ ಇರತ್ತೆ. ಟ್ಯಾಕ್ಸಿಯಿಂಗಿಗೆ, ಅಂದ್ರೆ ನೆಲದ ಮೇಲೆ ಓಡಾಡಕ್ಕೆ, ಒಂದಷ್ಟು ಬೇಕು ನಿಜ, ಮಿಕ್ಕಿದ್ದು ಕೈಲಿಟ್ಕೊಂಡಿರೋ ನಿಮಿಷ. ಲೇಟಾಗಿ ಬಿಟ್ರೂ ಟೈಮಿಗೆ ಬಂದಂಗೆ ಕಾಣತ್ತೆ, ಬೇಗ ಬಂದ್ರೆ ಅದೇ ವಿಮಾನದ ಮುಂದಿನ ಸೆಕ್ಟರೂ, ಅಂದ್ರೆ ಮುಂದಿನ ಟ್ರಿಪ್ಪೂ, ಟೈಮಿಗೆ ಬಿಡತ್ತೆ

ಹುಬ್ಬಳ್ಳಿ ಮಾವ: ಅದಕ್ಕ ‘ಇಪ್ಪತ್ತು ನಿಮಿಷ ಮೊದ್ಲೇ ಬಂದೀವಿ’ ಅಂತ ಅನೌನ್ಸ್ ಮಾಡಿ ತಾವ ಚಪ್ಪಾಳಿ ಹೊಡಕೊಂತಾರ

ರಘು ಚಿಕ್ಕಪ್ಪ: ಅದ್ರಲ್ಲಿ ಮೋಸ ಏನಿದೆ ಭಾವ? ಇಳಿಯೋಕೆ ಜಾಗ ಸಿಗ್ದೆ ಮೇಲೆ ಸುತ್ತು ಹೊಡಿಸ್ತಾರೆ, ಅದಕ್ಕೆ ಸ್ವಲ್ಪ ಜಾಸ್ತಿ ಇಟ್ಕೊಂಡ್ರೆ ನಮ್ಗೇ ಒಳ್ಳೇದಲ್ವಾ, ಕರ್ಕೊಂಡೋಗಕ್ಕೆ ಬರೋರಿಗೂ ಗೊತ್ತಿರತ್ತೆ. ರೈಲ್ವೆಯೋರು ಮಾಡಲ್ವಾ, ಕೊನೇ ಸ್ಟೇಷನ್ನಿಗೆ ಮುಂಚೆ ಟೈಮ್ ತುಂಬಿಸಿರ್ತಾರೆ, ಟೈಮಿಗೆ ಬಂತಾ ಅಂತ ನೋಡೋದೂ ಅಲ್ಲೇ

ಅನು ಅಕ್ಕ: ಮೋಸ ಅಂದಿಲ್ಲ ಚಿಕ್ಕಪ್ಪ. ಪ್ರಶ್ನೆಪತ್ರಿಕೆ ತಾನೇ ಬರ್ದು ಉತ್ತರಾನೂ ತಾನೇ ಬರ್ದೋನ ರ್‍ಯಾಂಕನ್ನ ಫೋಟೋ ಮಾಡಿ ಹಂಚ್ಬೇಡಿ ಅಂದೆ ಅಷ್ಟೆ. ಕ್ಯಾನ್ಸಲ್ ಆಗಿದ್ದು ಆ ರಿಪೋರ್ಟಲ್ಲೇ ಬೇರೆ ಕಡೆ ಇರತ್ತೆ, ಅದನ್ನೂ ನೋಡಿ

ಪವನ್ ಜರ್ಮನಿ: ಇಲ್ಲಿ ಯೂರೋಪಲ್ಲಿ, ವಿಮಾನ ಬಂದ ಟೈಮ್ ಯಾವ್ದು ಅಂತಲೇ ಕೋರ್ಟಿಗೆ ಹೋಗಿದ್ರು. ಯೂರೋಪಲ್ಲಿ 3 ಗಂಟೆ ಮೇಲೆ ಲೇಟಾಗಿ ಮುಟ್ಟಿದ್ರೆ 250ರಿಂದ 600 ಯೂರೋವರೆಗೂ ಪರಿಹಾರ ಇದೆ, ಹವಾಮಾನ ಗಿವಾಮಾನ ಕಾರಣ ಆದ್ರೆ ಇಲ್ಲ. ಆ ಕೇಸಲ್ಲಿ ಏರ್‌ಲೈನ್ ಹೇಳಿದ್ದು ಚಕ್ರ ರನ್‌ವೇ ಮುಟ್ಟಿದಾಗ್ಲೇ ಬಂದಾಯ್ತು ಅಂತ. 2014ರಲ್ಲಿ ಯೂರೋಪಿಯನ್ ಕೋರ್ಟು, ಒಂದು ಬಾಗ್ಲಾದ್ರೂ ತೆಗೆದು ಜನ ಇಳಿಯೋ ಹಾಗಾದ್ರೇನೇ ಬಂದಂಗೆ ಅಂತ ತೀರ್ಪು ಕೊಡ್ತು

ಸುಮ ಅತ್ತೆ: ನಮ್ಗೇನ್ ಕೊಡ್ತಾರೆ?

ಅನು ಅಕ್ಕ: ಹತ್ತಿರದ ಫ್ಲೈಟಾದ್ರೆ 2 ಗಂಟೆ ಮೇಲೆ ಲೇಟಾದಾಗ ತಿಂಡಿ, 6 ಗಂಟೆ ದಾಟಿದ್ರೆ ಬೇರೆ ಫ್ಲೈಟು ಇಲ್ಲಾ ದುಡ್ಡು ವಾಪಸ್

ಹುಬ್ಬಳ್ಳಿ ಮಾವ: ತಿಂಡಿ ಅಂದ್ರ ಬಿಸಿನೀರು ಹಾಕಿದ ಉಪ್ಪಿಟ್ಟು! ನಮ್ಮ ಹುಬ್ಬಳ್ಳಿ ಆ ನಂಬರ್ ಒನ್ ಲೆಕ್ಕದಾಗ ಐತೇನವ್ವಾ?

ಅನು ಅಕ್ಕ: ಇಲ್ಲ ಮಾವ, ಆ ಪರ್ಸೆಂಟೇಜ್ ತೆಗೆಯೋದು ದೊಡ್ಡ ಮೆಟ್ರೋ ಏರ್‌ಪೋರ್ಟಲ್ಲಿ ಮಾತ್ರ

ಹುಬ್ಬಳ್ಳಿ ಮಾವ: ಅಂದ್ರ ನಾವು ಲೇಟಾದ್ರೂ ಯಾರಿಗೂ ಲುಕ್ಸಾನಿಲ್ಲ ಅನ್ನು

ಸುಮ ಅತ್ತೆ: ಅದಿರ್ಲಿ, ರಘು ಮನೆ ಗೃಹಪ್ರವೇಶಕ್ಕೆ ಹುಬ್ಬಳ್ಳಿಯಿಂದ ಬೆಳಿಗ್ಗೆ ಫಸ್ಟ್ ಫ್ಲೈಟೇ ಬುಕ್ ಮಾಡ್ಲಾ?

ಅನು ಅಕ್ಕ: ಸಾಮಾನ್ಯಕ್ಕೆ ಫಸ್ಟ್ ಫ್ಲೈಟೇ ಒಳ್ಳೇದು ಅತ್ತೆ, ಹೆಚ್ಚು ಲೇಟಾಗೋದು ಹಿಂದಿನ ಸೆಕ್ಟರಿಂದ ವಿಮಾನ ಬರ್ದೆ. ಆದ್ರೆ ಹುಬ್ಬಳ್ಳಿಗೆ ಆ ವಿಮಾನ ಬೆಂಗಳೂರಿಂದ್ಲೇ ಬರ್ಬೇಕು ಅಂದ್ರೆ ಕಷ್ಟ, ಡಿಸೆಂಬರಲ್ಲಿ ದೇವನಹಳ್ಳಿ ಮಂಜು ಹೇಗಿರತ್ತೆ ಗೊತ್ತಲ್ಲ

ಹುಬ್ಬಳ್ಳಿ ಮಾವ: ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಬುಕ್ ಮಾಡ್ತೀನಿ. ಕೆಳಗಿನ ಬರ್ತು ನಂದು

ರಘು ಚಿಕ್ಕಪ್ಪ: ಬನ್ನಿ ಭಾವ. ಫೋಟೋ ಮಾತ್ರ ಡಿಲೀಟ್ ಮಾಡಲ್ಲ